ವಸಂತನರಸಾಪುರ ಯೂನಿಟ್‌ನಿಂದ ಆಫೀಸಿಗೆ ಕಾಲ್ ಮಾಡಿದರೆ 32 ಸೆಕೆಂಡಿಗೆ ಕಟ್, ಧ್ವನಿಯೂ ಒಂದೇ ಕಡೆ

ಬಿಎಚ್‌ರಸ್ತೆ_ಐಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತುಮಕೂರು ಬಿ.ಎಚ್. ರಸ್ತೆಯ ಆಫೀಸು, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಯೂನಿಟ್ ಎರಡಕ್ಕೂ ಸೇರಿ ಒಂದೇ ಐಪಿ ಪಿಬಿಎಕ್ಸ್ (ನೆಟ್‌ವರ್ಕ್ ಮೇಲೆ ನಡೆಯುವ ಟೆಲಿಫೋನ್ ಎಕ್ಸ್‌ಚೇಂಜ್) ಹಾಕಿದ್ದೇವೆ. ವಿವರ ಹೀಗಿದೆ.

ಆಫೀಸಿನಲ್ಲಿ ಮಿನಿ ಪಿಸಿ, ಅದರಲ್ಲಿ ಡೆಬಿಯನ್ 12 ಮೇಲೆ ಫ್ರೀಪಿಬಿಎಕ್ಸ್ 17 (ಆಸ್ಟರಿಸ್ಕ್ ಎಂಬ ಎಕ್ಸ್‌ಚೇಂಜ್ ಸಾಫ್ಟ್‌ವೇರ್, ಅದರ ಸೆಟ್ಟಿಂಗ್ ಪುಟ ಸಹಿತ). ಪಿಬಿಎಕ್ಸ್ ವಿಳಾಸ 192.168.1.10. ಐಪಿ ಫೋನ್ 8. ಫೈಬರ್ 100 ಎಂಬಿಪಿಎಸ್, ಸ್ಟ್ಯಾಟಿಕ್ ಐಪಿ ಇದೆ. ರೌಟರ್‌ನಲ್ಲಿ ಯುಡಿಪಿ 5060 ಮತ್ತು 10000ರಿಂದ 20000 ಪೋರ್ಟ್ ಫಾರ್ವರ್ಡ್ ಮಾಡಿದ್ದೇವೆ (ಹೊರಗಿನಿಂದ ಬಂದದ್ದು ನೇರ ಪಿಬಿಎಕ್ಸ್‌ಗೆ ಹೋಗುವಂತೆ). ಹೊರಗಿನ ಕಾಲ್‌ಗೆ ಸಿಪ್ ಟ್ರಂಕ್ (ನೆಟ್‌ವರ್ಕ್ ಮೂಲಕ ಬರುವ ಫೋನ್ ಲೈನ್) 6 ಚಾನೆಲ್‌ನದು. ಅದಕ್ಕೆ ಟೆಲಿಕಾಂ ಕಂಪನಿಯವರು ಬೇರೆಯೇ ಫೈಬರ್ ಎಳೆದು, 10ರಿಂದ ಶುರುವಾಗುವ ಐಪಿ ಕೊಟ್ಟು, ಪಿಸಿಯ ಎರಡನೇ ಲ್ಯಾನ್ ಕಾರ್ಡಿಗೆ ಜೋಡಿಸಿ ಹೋಗಿದ್ದಾರೆ.

ಯೂನಿಟ್‌ನಲ್ಲಿ ಐಪಿ ಫೋನ್ 6, ಸಾಧಾರಣ ಬ್ರಾಡ್‌ಬ್ಯಾಂಡ್, ಸ್ಟ್ಯಾಟಿಕ್ ಐಪಿ ಇಲ್ಲ. ಅಲ್ಲಿಯೂ ನೆಟ್‌ವರ್ಕ್ 192.168.1 ಸರಣಿಯೇ. ಗೇಟ್, ಕ್ಯಾಂಟೀನ್, ವೇಬ್ರಿಡ್ಜ್‌ನಲ್ಲಿ ಹಳೆಯ ಅನಲಾಗ್ ಫೋನ್‌ಗಳಿವೆ. ವೇಬ್ರಿಡ್ಜ್ ಮುಖ್ಯ ಕಟ್ಟಡದಿಂದ ಸುಮಾರು 350 ಮೀಟರ್ ದೂರ. ಎರಡು ಕಾಪರ್ ಲ್ಯಾಂಡ್‌ಲೈನ್ ಕೂಡ ಇವೆ. ಎಕ್ಸ್‌ಟೆನ್ಶನ್ ನಂಬರ್ 101ರಿಂದ 114.

ತೊಂದರೆ: ಆಫೀಸಿನ ಫೋನ್‌ಗಳಲ್ಲಿ ಒಳಗಿನ ಕಾಲ್, ಹೊರಗಿನ ಕಾಲ್ ಎರಡೂ ಸರಿಯಾಗಿವೆ. ಯೂನಿಟ್‌ನ ಫೋನ್‌ನಿಂದ ಆಫೀಸಿಗೆ ಮಾಡಿದರೆ ರಿಂಗ್ ಆಗುತ್ತದೆ, ಎತ್ತುತ್ತಾರೆ. ಯೂನಿಟ್‌ನವರಿಗೆ ಆಫೀಸಿನ ಮಾತು ಕೇಳುತ್ತದೆ, ಆಫೀಸಿನವರಿಗೆ ಯೂನಿಟ್‌ನ ಮಾತು ಕೇಳುವುದಿಲ್ಲ. ಅರ್ಧ ನಿಮಿಷಕ್ಕೆ ಕಾಲ್ ಕಟ್. ಬ್ಯಾಂಡ್‌ವಿಡ್ತ್ ಸಾಲದೇ ಹೀಗಾಗುತ್ತಿದೆಯೇ? ಹಳೆಯ ಫೋನ್, ಲ್ಯಾಂಡ್‌ಲೈನ್ ಎಲ್ಲ ಕಿತ್ತು ಹಾಕಿದರೆ ವಾಸಿಯೇ?

ಜೋಡಿತಂತಿ:

ಬ್ಯಾಂಡ್‌ವಿಡ್ತ್ ಅಲ್ಲ ಸರ್. ಬ್ಯಾಂಡ್‌ವಿಡ್ತ್ ಸಾಲದಿದ್ದರೆ ಮಾತು ತುಂಡು ತುಂಡಾಗುತ್ತದೆ, ರೋಬೋ ಥರ ಆಗುತ್ತದೆ. ಪ್ರತಿ ಸಲ ಒಂದೇ ಹೊತ್ತಿಗೆ ಸರಿಯಾಗಿ ಕಟ್ ಆಗುವುದಿಲ್ಲ. ಸಿಪ್‌ನಲ್ಲಿ (ಐಪಿ ಫೋನ್‌ಗಳು ಕಾಲ್ ಜೋಡಿಸಲು, ಮುಗಿಸಲು ಬಳಸುವ ಭಾಷೆ) ಕಾಲ್ ಎಷ್ಟು ಹೊತ್ತಿಗೆ ಬಿತ್ತು ಅನ್ನೋದೇ ಅರ್ಧ ಕಾರಣ ಹೇಳಿಬಿಡುತ್ತದೆ. ಗಡಿಯಾರ ಹಿಡಿದು ನೋಡಿ, ನಿಮ್ಮದು 32 ಸೆಕೆಂಡ್ ಇರುತ್ತದೆ.

ಆಫೀಸಿನವರು ಫೋನ್ ಎತ್ತಿದ ತಕ್ಷಣ ಪಿಬಿಎಕ್ಸ್ ಯೂನಿಟ್‌ನ ಫೋನಿಗೆ "200 ಓಕೆ" (ಕಾಲ್ ಎತ್ತಿದರು ಎಂಬ ಸಂದೇಶ) ಕಳಿಸುತ್ತದೆ. ಫೋನು ತಿರುಗಿ "ಆ್ಯಕ್", ಅಂದರೆ ಸಿಕ್ಕಿತು ಎಂಬ ಉತ್ತರ, ಕಳಿಸಬೇಕು. ಅದು ಬರುವವರೆಗೆ ಪಿಬಿಎಕ್ಸ್ 200 ಓಕೆಯನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಸಿಪ್‌ನ ಮೂಲ ಟೈಮರ್ 500 ಮಿಲಿಸೆಕೆಂಡ್. ಅದರ 64 ಪಟ್ಟು, ಅಂದರೆ 32 ಸೆಕೆಂಡ್, ಕಾದು ಬರದಿದ್ದರೆ ಪಿಬಿಎಕ್ಸೇ ಕಾಲ್ ಕಡಿದು ಹಾಕುತ್ತದೆ.

ಆ್ಯಕ್ ಎಲ್ಲಿಗೆ ಹೋಯಿತು? ಪಿಬಿಎಕ್ಸ್ ತನ್ನ ವಿಳಾಸ 192.168.1.10 ಅಂತ ಕಾಂಟ್ಯಾಕ್ಟ್ ಹೆಡರ್‌ನಲ್ಲಿ (ಉತ್ತರ ಎಲ್ಲಿಗೆ ಕಳಿಸಬೇಕೆಂಬ ಸಾಲು) ಬರೆದು ಕಳಿಸಿದೆ. ಯೂನಿಟ್‌ನ ಫೋನು ಅದನ್ನು ನಂಬಿ ಅದೇ ವಿಳಾಸಕ್ಕೆ ಉತ್ತರ ಕಳಿಸಿದೆ. ಆದರೆ ಯೂನಿಟ್‌ನಲ್ಲೂ 192.168.1 ಸರಣಿಯೇ ಇರುವುದರಿಂದ ಆ ಪ್ಯಾಕೆಟ್ ರೌಟರ್‌ವರೆಗೂ ಹೋಗದೆ ಅಲ್ಲಿನ ಸ್ವಿಚ್‌ನಲ್ಲೇ ಸತ್ತಿದೆ. ಅಲ್ಲಿ .10ರಲ್ಲಿ ಪ್ರಿಂಟರೋ ಡಿವಿಆರೋ ಕೂತಿದ್ದರೆ ಅದಕ್ಕೆ ಹೋಗಿದೆ.

ಧ್ವನಿಯ ಕಥೆಯೂ ಇದೇ. ಮಾತು ಹೋಗುವುದು ಆರ್‌ಟಿಪಿ ಪ್ಯಾಕೆಟ್‌ನಲ್ಲಿ, ಅದರ ವಿಳಾಸ ಬರುವುದು ಸಿಪ್ ಸಂದೇಶದೊಳಗಿನ ಎಸ್‌ಡಿಪಿ ಎಂಬ ಭಾಗದಲ್ಲಿ. ಪಿಬಿಎಕ್ಸ್ ಅಲ್ಲೂ 192.168.1.10 ಎಂದೇ ಬರೆದಿದೆ, ಹಾಗಾಗಿ ಯೂನಿಟ್‌ನ ಮಾತು ಆಫೀಸಿಗೆ ಮುಟ್ಟುತ್ತಿಲ್ಲ. ಆಫೀಸಿನ ಮಾತು ಯೂನಿಟ್‌ಗೆ ಕೇಳುತ್ತಿದೆ ಅಂದರೆ ಅಲ್ಲಿನ ರೌಟರ್‌ನಲ್ಲಿ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಆನ್ ಇದ್ದು, ಫೋನಿನ ವಿಳಾಸವನ್ನು ತಿದ್ದಿ ಕಳಿಸುತ್ತಿರುವ ಸಂಭವ ಹೆಚ್ಚು. ಇವತ್ತು ಅದರಿಂದ ಲಾಭವಾದಂತೆ ಕಂಡರೂ ಎಎಲ್‌ಜಿಯನ್ನು ಎರಡೂ ಕಡೆ ಆಫ್ ಮಾಡಿ. ಹೋಲ್ಡ್, ಟ್ರಾನ್ಸ್‌ಫರ್ ಮಾಡುವಾಗ ಅದು ಅರ್ಧಂಬರ್ಧ ತಿದ್ದಿ ಕೆಡಿಸುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಪಿಬಿಎಕ್ಸ್‌ನಲ್ಲಿ ಎಸ್‌ಎನ್‌ಗ್ರೆಪ್ (ಸಿಪ್ ಸಂದೇಶಗಳನ್ನು ತೋರಿಸುವ ಸಾಫ್ಟ್‌ವೇರ್) ಹಾಕಿ, ಯೂನಿಟ್‌ನಿಂದ ಒಂದು ಕಾಲ್ ಮಾಡಿಸಿ. 200 ಓಕೆ ಒಂದರ ಕೆಳಗೊಂದು ಹತ್ತಾರು ಸಲ ಕಂಡು, ಆ್ಯಕ್ ಕಾಣದೆ, ಕೊನೆಗೆ ಬೈ (ಕಾಲ್ ಮುಗಿಸುವ ಸಂದೇಶ) ಬಂದರೆ ಇದೇ ಕಾಯಿಲೆ. ಆಮೇಲೆ ಫ್ರೀಪಿಬಿಎಕ್ಸ್‌ನ ಆಸ್ಟರಿಸ್ಕ್ ಸಿಪ್ ಸೆಟ್ಟಿಂಗ್ಸ್‌ಗೆ ಹೋಗಿ, ಎಕ್ಸ್‌ಟರ್ನಲ್ ಅಡ್ರೆಸ್‌ನಲ್ಲಿ ನಿಮ್ಮ ಸ್ಟ್ಯಾಟಿಕ್ ಐಪಿ, ಲೋಕಲ್ ನೆಟ್‌ವರ್ಕ್ಸ್‌ನಲ್ಲಿ 192.168.1.0/24 (ಅಂದರೆ 192.168.1 ಸರಣಿ ಪೂರ್ತಿ) ಹಾಕಿ. ಯೂನಿಟ್‌ನ ಎಕ್ಸ್‌ಟೆನ್ಶನ್‌ಗಳಲ್ಲಿ ಡೈರೆಕ್ಟ್ ಮೀಡಿಯಾ 'ನೋ', ಆರ್‌ಟಿಪಿ ಸಿಮೆಟ್ರಿಕ್, ಫೋರ್ಸ್ ಆರ್‌ಪೋರ್ಟ್, ರೀರೈಟ್ ಕಾಂಟ್ಯಾಕ್ಟ್ ಮೂರೂ 'ಯೆಸ್' ಇರಲಿ.

ನಂದಿತಪ್ಪಲು:

ಜೋಡಿತಂತಿಯವರು ಹೇಳಿದ ಕಾರಣ ಸರಿ. ಆದರೆ ಆ ದಾರಿಯಲ್ಲೇ ನಿಲ್ಲಬೇಡಿ. 5060 ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಟ್ಟಿದ್ದೀರಿ, ಅದು ನನಗೆ 32 ಸೆಕೆಂಡಿಗಿಂತ ದೊಡ್ಡ ಚಿಂತೆ. ಹೀಗೆ ತೆರೆದ ಪೋರ್ಟನ್ನು ಹುಡುಕುತ್ತ ಸ್ಕ್ಯಾನರ್‌ಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ. 100, 101, 102 ಅಂತ ಎಕ್ಸ್‌ಟೆನ್ಶನ್ ನಂಬರ್‌ಗಳನ್ನು ಸಾಲಾಗಿ ತಟ್ಟಿ, ನಂಬರನ್ನೇ ಪಾಸ್‌ವರ್ಡ್ ಮಾಡಿಟ್ಟವರನ್ನು ಹುಡುಕುತ್ತವೆ. ಸಿಕ್ಕರೆ ಶನಿವಾರ ರಾತ್ರಿ ಶುರುವಾಗಿ ಸೋಮವಾರ ಬೆಳಿಗ್ಗೆವರೆಗೆ ವಿದೇಶದ ದುಬಾರಿ ನಂಬರ್‌ಗಳಿಗೆ ಕಾಲ್ ಹೋಗುತ್ತದೆ. ಬಿಲ್ ಮಾತ್ರ ನಿಮ್ಮ ಹೆಸರಿಗೆ. ಫೇಲ್‌ಟುಬ್ಯಾನ್ (ಮತ್ತೆ ಮತ್ತೆ ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯುವ ಸಾಫ್ಟ್‌ವೇರ್) ಇದ್ದರೂ ಬಾಗಿಲು ತೆರೆದಿರುವುದು ತೆರೆದಿರುವುದೇ.

ಎರಡು ಕಡೆಯ ರೌಟರ್‌ಗಳ ನಡುವೆ ವೈರ್‌ಗಾರ್ಡ್ ಟನೆಲ್ (ಇಂಟರ್ನೆಟ್ ಒಳಗೇ ಎರಡು ನೆಟ್‌ವರ್ಕ್ ಜೋಡಿಸುವ ಗುಪ್ತ ದಾರಿ, ಅಂದರೆ ವಿಪಿಎನ್) ಹಾಕಿ. ಒಮ್ಮೆ ಟನೆಲ್ ಬಂತೆಂದರೆ ಯೂನಿಟ್‌ನ ಫೋನಿಗೂ ಪಿಬಿಎಕ್ಸ್‌ಗೂ ಮಧ್ಯೆ ನ್ಯಾಟ್ (ಒಳಗಿನ ಐಪಿಯನ್ನು ರೌಟರ್ ಹೊರಗಿನ ಐಪಿಗೆ ಬದಲಿಸುವುದು) ಎಂಬುದೇ ಇರುವುದಿಲ್ಲ, ಮೇಲಿನ ತಿದ್ದುವ ಕೆಲಸವೂ ಬೇಕಾಗುವುದಿಲ್ಲ. ಇಂಟರ್ನೆಟ್ ಕಂಪನಿ ಕೊಟ್ಟ ಓಎನ್‌ಟಿಯಲ್ಲಿ (ಫೈಬರ್ ಮೋಡೆಮ್) ವೈರ್‌ಗಾರ್ಡ್ ಇರುವುದಿಲ್ಲ. ಅದನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೌಟರ್ ಆಗದೆ ಸಂಪರ್ಕ ಮಾತ್ರ ದಾಟಿಸುವಂತೆ) ಹಾಕಿಸಿ, ಹಿಂದೆ ಓಪನ್‌ಡಬ್ಲ್ಯುಆರ್‌ಟಿ ಅಥವಾ ಮೈಕ್ರೋಟಿಕ್ ರೌಟರ್ ಇಡಿ. ಮೈಕ್ರೋಟಿಕ್ ಆದರೆ ರೌಟರ್‌ಓಎಸ್ 7 ಬೇಕು, 6ರಲ್ಲಿ ವೈರ್‌ಗಾರ್ಡ್ ಇಲ್ಲ.

ಅದಕ್ಕೂ ಮೊದಲು ಯೂನಿಟ್‌ನ ನೆಟ್‌ವರ್ಕ್ ಸರಣಿ ಬದಲಿಸಲೇಬೇಕು, ಎರಡೂ ಕಡೆ ಒಂದೇ ಇದ್ದರೆ ಟನೆಲ್ ಯಾವ ಕಡೆಗೆ ಕಳಿಸಬೇಕೆಂದು ತಿಳಿಯದು. ಯೂನಿಟ್‌ನದನ್ನು 192.168.20.0/24 ಮಾಡಿ. ಆಫೀಸಿನದು ಸದ್ಯಕ್ಕೆ ಹಾಗೇ ಇರಲಿ, ಪಿಬಿಎಕ್ಸ್ ವಿಳಾಸ ಬದಲಾಗದೆ ಅಲ್ಲಿನ 8 ಫೋನ್‌ಗೆ ಕೈ ಹಾಕಬೇಕಿಲ್ಲ. ಯೂನಿಟ್‌ನಲ್ಲಿ ಕೈಯಾರೆ ಐಪಿ ಕೊಟ್ಟಿರುವ ಪ್ರಿಂಟರ್, ಸಿಸಿಟಿವಿ ರೆಕಾರ್ಡರ್, ಪಂಚಿಂಗ್ ಮಷಿನ್ ಮೊದಲೇ ಪಟ್ಟಿ ಮಾಡಿಕೊಳ್ಳಿ. ಸರಣಿ ಬದಲಾದ ದಿನ ತಕರಾರು ಬರುವುದು ಅವುಗಳಿಂದಲೇ.

ಟನೆಲ್‌ನಲ್ಲಿ ಆಫೀಸಿನ ಕಡೆ ಅಲೋಡ್ ಐಪಿ (ಟನೆಲ್ ಮೂಲಕ ಹೋಗಬೇಕಾದ ವಿಳಾಸಗಳು) 192.168.20.0/24, ಯೂನಿಟ್ ಕಡೆ 192.168.1.0/24. ಟನೆಲ್‌ನ ಸ್ವಂತ ವಿಳಾಸಗಳನ್ನೂ ಸೇರಿಸಿ. ಪೋರ್ಟ್ ಯುಡಿಪಿ 51820, ಅದು ಆಫೀಸಿನಲ್ಲಿ ಮಾತ್ರ ತೆರೆದಿದ್ದರೆ ಸಾಕು. ಯೂನಿಟ್‌ಗೆ ಸ್ಟ್ಯಾಟಿಕ್ ಐಪಿ ಇಲ್ಲದಿದ್ದರೂ, 100.64ರಿಂದ ಶುರುವಾಗುವ ಹಂಚಿಕೆಯ ಐಪಿ ಸಿಕ್ಕಿದ್ದರೂ ಅಡ್ಡಿಯಿಲ್ಲ, ಯಾಕೆಂದರೆ ಟನೆಲ್ ಶುರು ಮಾಡುವುದು ಯೂನಿಟ್ ಕಡೆಯಿಂದ ಆಫೀಸಿಗೆ. ಯೂನಿಟ್ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಅದಿಲ್ಲದಿದ್ದರೆ ಮಧ್ಯದ ನ್ಯಾಟ್ ದಾರಿ ಮರೆತು, ಯೂನಿಟ್‌ನಿಂದ ಕಾಲ್ ಹೋಗುತ್ತದೆ, ಯೂನಿಟ್‌ಗೆ ಕಾಲ್ ಬರುವುದಿಲ್ಲ ಎಂಬ ಹೊಸ ತೊಂದರೆ ಶುರುವಾಗುತ್ತದೆ.

ಇಷ್ಟಾದ ಮೇಲೆ ಯೂನಿಟ್‌ನ ಫೋನ್‌ಗಳಲ್ಲಿ ಸರ್ವರ್ ವಿಳಾಸವನ್ನು 192.168.1.10ಕ್ಕೆ ಬದಲಿಸಿ, ಆಫೀಸ್ ರೌಟರ್‌ನ 5060 ಮತ್ತು 10000–20000 ಎರಡೂ ಫಾರ್ವರ್ಡ್ ತೆಗೆದುಹಾಕಿ.

ಬ್ಯಾಂಡ್‌ವಿಡ್ತ್ ಲೆಕ್ಕ ಕೇಳಿದ್ದಿರಿ. ಜಿ.711ರಲ್ಲಿ (ಮಾತನ್ನು ಡಿಜಿಟಲ್ ಮಾಡುವ ಒಂದು ವಿಧಾನ) 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಸೆಕೆಂಡಿಗೆ 50. ಒಂದೊಂದರಲ್ಲಿ ಮಾತು 160 ಬೈಟ್, ಹೆಡರ್‌ಗಳು 40 ಬೈಟ್, ಸೇರಿ 80 ಕೆಬಿಪಿಎಸ್. ವೈರ್‌ಗಾರ್ಡ್‌ನ ಹೊದಿಕೆ ಸೇರಿದರೆ ಸುಮಾರು 107. ಹತ್ತು ಕಾಲ್ ಒಟ್ಟಿಗೆ ನಡೆದರೂ ಒಂದೊಂದು ದಿಕ್ಕಿಗೆ 1.1 ಎಂಬಿಪಿಎಸ್‌ಗಿಂತ ಹೆಚ್ಚಿಲ್ಲ. ಮಾತನ್ನು ಹೆಚ್ಚು ಕುಗ್ಗಿಸುವ ಜಿ.729 ಹಾಕಿದರೆ ಟನೆಲ್ ಸೇರಿಯೂ ಒಂದು ಕಾಲ್‌ಗೆ 50 ಕೆಬಿಪಿಎಸ್ ಆಸುಪಾಸು. ಆದರೆ ನಿಮ್ಮ ಫೈಬರ್‌ಗೆ ಆ ಉಳಿತಾಯ ಬೇಕಿಲ್ಲ, ಧ್ವನಿಯ ಗುಣ ಸುಮ್ಮನೆ ಕಳೆದುಕೊಳ್ಳುತ್ತೀರಿ.

ಮಾತು ಕೆಡಿಸುವುದು ವೇಗವಲ್ಲ, ಸರತಿ. ಯೂನಿಟ್‌ನ ಸಿಸಿಟಿವಿ ಕ್ಲೌಡ್‌ಗೆ ಅಪ್‌ಲೋಡ್ ಆಗುವಾಗ ಅದರ ಹಿಂದೆ ಮಾತಿನ ಪ್ಯಾಕೆಟ್ ನಿಲ್ಲುತ್ತದೆ. ಅಪ್‌ಲೋಡ್ ವೇಗ ಅಳೆದು, ಅದರ 85ರಿಂದ 90 ಶೇಕಡಕ್ಕೆ ರೌಟರ್‌ನಲ್ಲಿ ಮಿತಿ ಹಾಕಿ, ಕೇಕ್ ಅಥವಾ ಎಫ್‌ಕ್ಯೂ ಕೋಡೆಲ್ ಕ್ಯೂ (ಸರತಿ ಉದ್ದವಾಗದಂತೆ ನೋಡಿಕೊಳ್ಳುವ ಪದ್ಧತಿ) ಆರಿಸಿ. ಫೋನಿನಲ್ಲಿ ಡಿಎಸ್‌ಸಿಪಿ 46 (ಈ ಪ್ಯಾಕೆಟ್‌ಗೆ ಆದ್ಯತೆ ಎಂಬ ಗುರುತು) ಇಟ್ಟರೆ ನಿಮ್ಮ ಸ್ವಿಚ್, ರೌಟರ್ ಮರ್ಯಾದೆ ಕೊಡುತ್ತವೆ. ಹೊರಗಿನ ಇಂಟರ್ನೆಟ್‌ನಲ್ಲಿ ಅದನ್ನು ನಂಬಿ ಕೂರಬೇಡಿ. ಎರಡು ಕಡೆ ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇದ್ದರೆ ಪ್ಯಾಕೆಟ್ ಬೆಂಗಳೂರಿಗೋ ಚೆನ್ನೈಗೋ ಹೋಗಿ ತುಮಕೂರಿಗೆ ತಿರುಗಿ ಬರಬಹುದು, ಅದರಿಂದ ಮಾತಿಗೆ ತೊಂದರೆಯಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸು ಜಿ.114ರ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಸರಿ.

ಬಿಎಚ್‌ರಸ್ತೆ_ಐಟಿ:

ಎಸ್‌ಎನ್‌ಗ್ರೆಪ್‌ನಲ್ಲಿ ಹೇಳಿದ ಹಾಗೆಯೇ 200 ಓಕೆ ಸಾಲು ಕಂಡಿತು, ಆ್ಯಕ್ ಇಲ್ಲ. ಯೂನಿಟ್‌ಗೆ ರೌಟರ್ ಬರುವವರೆಗೆ ಇರಲಿ ಎಂದು ಎಕ್ಸ್‌ಟರ್ನಲ್ ಅಡ್ರೆಸ್ ಹಾಕಿದೆ. ಯೂನಿಟ್ ಈಗ ಸರಿಯಾಗಿದೆ, ಕಟ್ ಆಗುತ್ತಿಲ್ಲ. ಆದರೆ ಟ್ರಂಕ್ ಕೆಟ್ಟಿತು. ಹೊರಗಿನವರಿಗೆ ನಮ್ಮ ಮಾತು ಕೇಳುತ್ತದೆ, ನಮಗೆ ಅವರದು ಕೇಳುವುದಿಲ್ಲ. ಹೊರಗಿನಿಂದ ಬಂದ ಕಾಲ್ 32 ಸೆಕೆಂಡಿಗೆ ಬೀಳುತ್ತದೆ.

ಜೋಡಿತಂತಿ:

ಅದೇ ಕಾಯಿಲೆ ಈ ಕಡೆಯಿಂದ ಆ ಕಡೆಗೆ ಹೋಗಿದೆ. ಲೋಕಲ್ ನೆಟ್‌ವರ್ಕ್ಸ್ ಪಟ್ಟಿಯಲ್ಲಿ ಇಲ್ಲದ ಯಾವ ವಿಳಾಸಕ್ಕೆ ಸಂದೇಶ ಹೋದರೂ ಆಸ್ಟರಿಸ್ಕ್ ಎಕ್ಸ್‌ಟರ್ನಲ್ ಅಡ್ರೆಸ್ ಬರೆದು ಕಳಿಸುತ್ತದೆ. ಟ್ರಂಕ್ ಕಂಪನಿಯ ಎಸ್‌ಬಿಸಿ (ಅವರ ಕಡೆಯ ಸಿಪ್ ಬಾಗಿಲು) ಇರುವುದು 10ರ ಖಾಸಗಿ ಜಾಲದಲ್ಲಿ, ಅಲ್ಲಿಂದ ನಿಮ್ಮ ಇಂಟರ್ನೆಟ್ ಐಪಿಗೆ ದಾರಿಯಿಲ್ಲ.

ಕಂಪನಿ ಕೊಟ್ಟ ಪತ್ರ ತೆಗೆದು ನೋಡಿ. ಅದರಲ್ಲಿ ಮೂರು ವಿಳಾಸ ಹುಡುಕಿ: ನಿಮ್ಮ ಲ್ಯಾನ್ ಕಾರ್ಡಿಗೆ ಕೊಟ್ಟ /30 (ನಾಲ್ಕು ಐಪಿಯ ಪುಟ್ಟ ಸರಣಿ), ಸಿಗ್ನಲಿಂಗ್ (ಸಿಪ್ ಸಂದೇಶದ) ಎಸ್‌ಬಿಸಿ, ಮೀಡಿಯಾ (ಮಾತಿನ) ಎಸ್‌ಬಿಸಿ. ಕೊನೆಯ ಎರಡು ಎಷ್ಟೋ ಸಲ ಆ /30ರ ಹೊರಗಿರುತ್ತವೆ, ಒಂದಕ್ಕೊಂದೂ ಬೇರೆ ಇರುತ್ತವೆ. ಮೂರನ್ನೂ ಲೋಕಲ್ ನೆಟ್‌ವರ್ಕ್ಸ್‌ಗೆ ಸೇರಿಸಿ. ಸಿಗ್ನಲಿಂಗ್ ಮತ್ತು ಮೀಡಿಯಾ ಎರಡಕ್ಕೂ ಎರಡನೇ ಲ್ಯಾನ್ ಕಾರ್ಡಿನ ಮೂಲಕ ಸ್ಟ್ಯಾಟಿಕ್ ರೂಟ್ ಇದೆಯೇ ಎಂದು ನೋಡಿ. ಮೀಡಿಯಾಗೆ ರೂಟ್ ಇಲ್ಲದಿದ್ದರೆ ಮಾತು ಇಂಟರ್ನೆಟ್ ಕಡೆಗೆ ಹೋಗಿ ಕಳೆದುಹೋಗುತ್ತದೆ. ಡೀಫಾಲ್ಟ್ ಗೇಟ್‌ವೇ ಒಂದೇ ಇರಲಿ, ಇಂಟರ್ನೆಟ್ ಕಾರ್ಡಿನಲ್ಲಿ. ಟನೆಲ್ ಹಾಕುವಾಗ 192.168.20.0/24 ಕೂಡ ಇದೇ ಪಟ್ಟಿಗೆ ಸೇರಬೇಕು. ಬದಲಿಸಿದ ಮೇಲೆ ಅಪ್ಲೈ ಒತ್ತಿದರೆ ಸಾಲದು, ಈ ಸೆಟ್ಟಿಂಗ್‌ಗೆ ಆಸ್ಟರಿಸ್ಕ್ ರೀಸ್ಟಾರ್ಟ್ ಮಾಡಿ.

ಮುಂದೆ ಯಾವಾಗಲಾದರೂ ಕಾಲ್‌ಗಳು ಸರಿಯಾಗಿ 15 ನಿಮಿಷಕ್ಕೆ ಬೀಳಲು ಶುರುವಾದರೆ ಸೆಷನ್ ಟೈಮರ್ ನೋಡಿ. ಅದರ ಸಾಮಾನ್ಯ ಅವಧಿ 1800 ಸೆಕೆಂಡ್, ಅರ್ಧಕ್ಕೆ, ಅಂದರೆ 900ಕ್ಕೆ, ನವೀಕರಣದ ಸಂದೇಶ ಹೋಗುತ್ತದೆ. ಅದಕ್ಕೆ ಉತ್ತರ ಸರಿಯಾಗಿ ಬರದಿದ್ದರೆ ಕಾಲ್ ಬೀಳಬಹುದು.

ಕೋಲಾರ_ಎಂಡಿಎಫ್:

ಹಳೆಯ ಫೋನ್ ಕೀಳಬೇಡಿ ಸರ್, ವೇಬ್ರಿಡ್ಜ್‌ನದನ್ನಂತೂ ಮುಟ್ಟಲೇಬೇಡಿ. ಲ್ಯಾನ್ ಕೇಬಲ್ 100 ಮೀಟರ್‌ಗಿಂತ ಹೆಚ್ಚು ಓಡುವುದಿಲ್ಲ, 350 ಮೀಟರ್‌ಗೆ ಐಪಿ ಫೋನ್ ಕೊಡಬೇಕೆಂದರೆ ಫೈಬರ್, ಎರಡು ಮೀಡಿಯಾ ಕನ್ವರ್ಟರ್, ಆ ತುದಿಯಲ್ಲಿ ಕರೆಂಟು, ಯುಪಿಎಸ್ ಎಲ್ಲ ಬೇಕು. ಈಗಿರುವ ಜೋಡಿ ತಂತಿ 0.5 ಮಿಲಿಮೀಟರ್‌ನದಾದರೆ ಹೋಗಿ ಬರುವ ರೆಸಿಸ್ಟೆನ್ಸ್ ಕಿಲೋಮೀಟರಿಗೆ 168 ಓಮ್ ಆಸುಪಾಸು. ನಿಮ್ಮ ದೂರಕ್ಕೆ 60 ಓಮ್, ಅದು ಏನೇನೂ ಅಲ್ಲ. ಮುಖ್ಯ ಕಟ್ಟಡದ ರ್‍ಯಾಕ್‌ನಲ್ಲಿ 4 ಪೋರ್ಟಿನ ಎಫ್‌ಎಕ್ಸ್‌ಎಸ್ ಗೇಟ್‌ವೇ (ಅನಲಾಗ್ ಫೋನನ್ನು ಐಪಿ ಪಿಬಿಎಕ್ಸ್‌ಗೆ ಸೇರಿಸುವ ಪೆಟ್ಟಿಗೆ) ಇಟ್ಟು, ಕ್ರೋನ್ ಮಾಡ್ಯೂಲ್‌ನಿಂದ (ಟೆಲಿಫೋನ್ ತಂತಿಗಳನ್ನು ಜೋಡಿಸುವ ಪಟ್ಟಿ) ಗೇಟ್, ಕ್ಯಾಂಟೀನ್, ವೇಬ್ರಿಡ್ಜ್ ಜೋಡಿಗಳನ್ನು ಅದಕ್ಕೆ ಹಾಕಿ. ಲೂಪ್ ಅಳೆಯಬೇಕೆಂದರೆ ವೇಬ್ರಿಡ್ಜ್ ತುದಿಯಲ್ಲಿ ಎರಡು ತಂತಿ ಸೇರಿಸಿ ಶಾರ್ಟ್ ಮಾಡಿ, ಈ ತುದಿಯಲ್ಲಿ ಗೇಟ್‌ವೇ ಬಿಚ್ಚಿ ಮೀಟರ್ ಹಿಡಿಯಿರಿ. 60ರ ಬದಲು ನೂರಾರು ಓಮ್ ತೋರಿಸಿದರೆ, ಅಥವಾ ಮುಳ್ಳು ಅಲುಗಾಡುತ್ತಿದ್ದರೆ, ಎಲ್ಲೋ ಜಾಯಿಂಟ್‌ಗೆ ನೀರು ಇಳಿದಿದೆ.

ಕಾಪರ್ ಲ್ಯಾಂಡ್‌ಲೈನ್‌ಗೆ ಬೇಕಾದದ್ದು ಎಕ್ಸ್‌ಚೇಂಜ್ ಲೈನನ್ನು ಒಳಗೆ ತೆಗೆದುಕೊಳ್ಳುವ ಎಫ್‌ಎಕ್ಸ್‌ಓ ಪೋರ್ಟ್. ಇದನ್ನು ಅದಲು ಬದಲು ಮಾಡಬೇಡಿ: ಎಫ್‌ಎಕ್ಸ್‌ಎಸ್ ಪೋರ್ಟ್ ತಾನೇ ವೋಲ್ಟೇಜ್, ರಿಂಗ್ ಕೊಡುತ್ತದೆ, ಅದನ್ನು ಎಕ್ಸ್‌ಚೇಂಜ್ ಲೈನ್‌ಗೆ ಚುಚ್ಚಿದರೆ ಪೋರ್ಟ್ ಸುಟ್ಟುಹೋಗಬಹುದು. ಎಫ್‌ಎಕ್ಸ್‌ಓ ಹಾಕಿದ ಮೇಲೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ತಕರಾರು ಬರುತ್ತವೆ. ಒಂದು, ಹೊರಗಿನವರು ಫೋನಿಟ್ಟರೂ ಲೈನ್ ಬಿಡುವುದಿಲ್ಲ. ಗೇಟ್‌ವೇ ಅಮೆರಿಕದ ಬಿಜಿ ಟೋನಿಗಾಗಿ ಕಾಯುತ್ತಾ ಕೂತಿರುತ್ತದೆ. ಭಾರತದ ಬಿಜಿ ಟೋನು 400 ಹರ್ಟ್ಸ್, 750 ಮಿಲಿಸೆಕೆಂಡ್ ಆನ್, 750 ಆಫ್. ಕಂಜೆಶನ್ ಟೋನು ಅದೇ 400, 250 ಆನ್, 250 ಆಫ್. ಇವೆರಡನ್ನೂ ಕೈಯಾರೆ ತುಂಬಿ, ಟೋನ್ ನೋಡಿ ಡಿಸ್‌ಕನೆಕ್ಟ್ ಮಾಡುವುದನ್ನು ಆನ್ ಮಾಡಿ. ಎರಡು, ಕಾಲರ್ ನಂಬರ್ ಬರುವುದಿಲ್ಲ. ಇಲ್ಲಿನ ಕಾಪರ್ ಲೈನ್‌ನಲ್ಲಿ ನಂಬರ್ ಬರುವುದು ಸಾಮಾನ್ಯವಾಗಿ ರಿಂಗ್‌ಗೆ ಮುಂಚೆ, ಡಿಟಿಎಂಎಫ್ ಟೋನಿನಲ್ಲಿ (ಫೋನಿನ ಅಂಕಿ ಒತ್ತಿದಾಗ ಬರುವ ಧ್ವನಿ). ಅದಕ್ಕೆ ಮೊದಲು ಲೈನಿನ ಪೋಲಾರಿಟಿ ತಿರುಗುತ್ತದೆ. ಗೇಟ್‌ವೇಯಲ್ಲಿ ಬೆಲ್‌ಕೋರ್ (ಅಮೆರಿಕದ ಪದ್ಧತಿ) ತೆಗೆದು, ರಿಂಗ್‌ಗೆ ಮೊದಲು ಬರುವ ಡಿಟಿಎಂಎಫ್, ಲೈನ್ ರಿವರ್ಸಲ್ ಸಹಿತ ಎಂಬ ಆಯ್ಕೆ ಹುಡುಕಿ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮೊದಲು ಹೋಗುವುದು ಎಫ್‌ಎಕ್ಸ್‌ಓ ಪೋರ್ಟು, ಆಮೇಲೆ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲಿ ಎಳೆದ ಲ್ಯಾನ್ ಕೇಬಲ್ಲು. ಕ್ರೋನ್ ಮಾಡ್ಯೂಲ್‌ಗೆ ಮೂರು ಧ್ರುವದ ಗ್ಯಾಸ್ ಟ್ಯೂಬ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನು ಅರ್ತ್‌ಗೆ ಹರಿಸುವ ಭಾಗ) ಸಿಗುತ್ತದೆ, ಹಾಕಿ. ಅದರ ಅರ್ತ್ ತಂತಿ ಗಿಡ್ಡವಾಗಿರಲಿ, ಕಟ್ಟಡದ ಮುಖ್ಯ ಅರ್ತ್‌ಗೇ ಸೇರಲಿ. ಟೆಲಿಫೋನಿಗೆಂದು ಬೇರೆ ಅರ್ತ್ ಗುಂಡಿ ತೋಡಿ ಮುಖ್ಯ ಅರ್ತ್‌ಗೆ ಸೇರಿಸದೆ ಬಿಟ್ಟರೆ, ಸಿಡಿಲು ಬಡಿದಾಗ ಎರಡು ಅರ್ತ್‌ಗಳ ನಡುವಿನ ವೋಲ್ಟೇಜ್ ನಿಮ್ಮ ಗೇಟ್‌ವೇ ಮೂಲಕವೇ ಹಾದುಹೋಗುತ್ತದೆ. ವೇಬ್ರಿಡ್ಜ್ ಜೋಡಿಗೂ ಎರಡು ತುದಿಯಲ್ಲೂ ಅರೆಸ್ಟರ್ ಬೇಕು.

ನಂದಿತಪ್ಪಲು:

ನಂಬರ್ ಯೋಜನೆಯ ಬಗ್ಗೆ ಹೇಳಲೇಬೇಕಾದ ಒಂದು ಮಾತು. 101ರಿಂದ 114 ಇಟ್ಟುಕೊಂಡಿದ್ದೀರಿ. 101 ಅಗ್ನಿಶಾಮಕ, 108 ಆಂಬುಲೆನ್ಸ್, 112 ತುರ್ತು ಸಹಾಯ. ಕ್ಯಾಂಟೀನ್‌ನವರು ಗಾಬರಿಯಲ್ಲಿ 108 ಒತ್ತಿದರೆ ಅಕೌಂಟ್ಸ್ ಸೆಕ್ಷನ್ನಿನ ಫೋನ್ ರಿಂಗ್ ಆಗುತ್ತದೆ. ಇವತ್ತೇ ಬದಲಿಸಿ. ಆಫೀಸಿಗೆ 201ರಿಂದ, ಯೂನಿಟ್‌ಗೆ 301ರಿಂದ ಕೊಡಿ, 1ರಿಂದ ಶುರುವಾಗುವ ಯಾವ ನಂಬರೂ ಒಳಗೆ ಬೇಡ.

ಯೂನಿಟ್‌ನಿಂದ ಒತ್ತಿದ 100, 101, 108, 112 ಕಾಲ್‌ಗಳು ತುಮಕೂರು ಆಫೀಸಿನ ಟ್ರಂಕ್‌ನಿಂದ ಹೋದರೆ ಆ ಕಡೆಯವರಿಗೆ ಕಾಣುವ ನಂಬರ್ ಬಿ.ಎಚ್. ರಸ್ತೆಯದು. ಆದ್ದರಿಂದ 3ರ ಸರಣಿಯ ಎಕ್ಸ್‌ಟೆನ್ಶನ್‌ಗಳ ತುರ್ತು ಕಾಲ್‌ಗೆ ಪ್ರತ್ಯೇಕ ಔಟ್‌ಬೌಂಡ್ ರೂಟ್ (ಕಾಲ್ ಯಾವ ಲೈನಿನಿಂದ ಹೊರಗೆ ಹೋಗಬೇಕೆಂಬ ನಿಯಮ) ಮಾಡಿ, ಅದರಲ್ಲಿ ಯೂನಿಟ್‌ನ ಎಫ್‌ಎಕ್ಸ್‌ಓ ಮೊದಲು, ಸಿಪ್ ಟ್ರಂಕ್ ಎರಡನೆಯದು ಇರಲಿ. ಕಾಪರ್ ಲೈನ್ ಉಳಿಸಿಕೊಳ್ಳಲು ಇದೊಂದೇ ಕಾರಣ ಸಾಕು. ಜೊತೆಗೆ ಟನೆಲ್ ಬಿದ್ದರೆ ಯೂನಿಟ್‌ನ ಐಪಿ ಫೋನ್ ಎಲ್ಲವೂ ಮೂಕ. ಹಾಗಾಗಿ ಒಂದು ಕಾಪರ್ ಲೈನಿಗೆ ಸಾದಾ ಫೋನನ್ನು ನೇರವಾಗಿ ಜೋಡಿಸಿ ಸೆಕ್ಯುರಿಟಿ ಕೋಣೆಯಲ್ಲಿ ಇಡಿ. ಕರೆಂಟು ಹೋದರೂ ಅದು ನಡೆಯುತ್ತದೆ.

ಮೊಬೈಲ್‌ಗೆ ಡಯಲ್ ಮಾಡುವುದು: 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಮುಂದೆ ಸೊನ್ನೆ ಕಡ್ಡಾಯ. ಜನ 10 ಅಂಕಿಯನ್ನೇ ಒತ್ತುತ್ತಾರೆ. ಔಟ್‌ಬೌಂಡ್ ರೂಟ್‌ನಲ್ಲಿ 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ 10 ಅಂಕಿಗೆ ಮುಂದೆ 0 ಸೇರಿಸುವ ಪ್ಯಾಟರ್ನ್ ಒಂದು, 0 ಒತ್ತಿಯೇ ಬಂದದ್ದಕ್ಕೆ ಇನ್ನೊಂದು ಮಾಡಿ. ಟ್ರಂಕ್ ಕಂಪನಿ +91 ರೂಪದಲ್ಲಿ ಕೇಳಿದರೆ ಟ್ರಂಕ್ ಮಟ್ಟದಲ್ಲಿ ಬದಲಿಸಿ, ಫೋನ್ ಮಟ್ಟದಲ್ಲಿ ಬೇಡ. ಹಳೆಯ ಇಪಿಎಬಿಎಕ್ಸ್‌ನ ಅಭ್ಯಾಸದಂತೆ ಹೊರಗಿನ ಲೈನಿಗೆ ಸೊನ್ನೆ ಒತ್ತಿಸುವ ಪದ್ಧತಿ ಉಳಿಸಿದ್ದರೆ ತೆಗೆಯಿರಿ, ಎರಡು ಸೊನ್ನೆ ಆದರೆ ಅದು ವಿದೇಶದ ಕಾಲ್ ಆಗುತ್ತದೆ. 00 ಪ್ಯಾಟರ್ನ್ ಇಡಲೇಬೇಡಿ, ಟ್ರಂಕ್ ಕಂಪನಿಗೂ ಪತ್ರ ಕೊಟ್ಟು ಐಎಸ್‌ಡಿ ಮುಚ್ಚಿಸಿ. ಹೊರಗೆ ತೋರಿಸುವ ಕಾಲರ್ ನಂಬರ್ ನಿಮಗೆ ಕೊಟ್ಟ ಡಿಐಡಿಗಳಲ್ಲಿ (ಟ್ರಂಕ್‌ನ ಫೋನ್ ನಂಬರ್‌ಗಳು) ಒಂದಾಗಿರಲಿ, ಬೇರೆ ನಂಬರ್ ಹಾಕಿದರೆ ಸಾಮಾನ್ಯವಾಗಿ 403 (ನಿರಾಕರಣೆ) ಬಂದು ಕಾಲ್ ಹೋಗುವುದೇ ಇಲ್ಲ.

ಬಿಎಚ್‌ರಸ್ತೆ_ಐಟಿ:

ಪತ್ರ ನೋಡಿದೆ. ಮೀಡಿಯಾ ವಿಳಾಸ ನಿಜಕ್ಕೂ ಬೇರೆಯೇ ಇತ್ತು, ಲೋಕಲ್ ನೆಟ್‌ವರ್ಕ್ಸ್‌ನಲ್ಲಿ ಇರಲಿಲ್ಲ. ಸೇರಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಟ್ರಂಕ್ ಸರಿಯಾಯಿತು. ನಂಬರ್ ಬದಲಾವಣೆ ಇವತ್ತು, ಟನೆಲ್ ಭಾನುವಾರ. ಇನ್ನೊಂದು: ಸಾಫ್ಟ್‌ಫೋನ್ (ಮೊಬೈಲನ್ನೇ ಎಕ್ಸ್‌ಟೆನ್ಶನ್ ಮಾಡುವ ಆ್ಯಪ್) ಹಾಕಿಕೊಂಡು ಮನೆಯಿಂದ ಮಾತಾಡಲು ಇಬ್ಬರು ಕೇಳುತ್ತಿದ್ದಾರೆ, ಅವರಿಗಾಗಿ 5060 ತೆರೆಯಬೇಕೇ?

ನಂದಿತಪ್ಪಲು:

ಬೇಡ. ಅವರ ಮೊಬೈಲ್‌ಗೂ ವೈರ್‌ಗಾರ್ಡ್ ಆ್ಯಪ್ ಹಾಕಿ, ಒಬ್ಬೊಬ್ಬರಿಗೂ ಬೇರೆ ಕೀ ಕೊಡಿ, ಕೆಲಸ ಬಿಟ್ಟಾಗ ಆ ಕೀ ಅಳಿಸಿದರಾಯಿತು. ಅವರಿಗೆ ಕೊಡುವ ಟನೆಲ್ ವಿಳಾಸದ ಸರಣಿಯನ್ನೂ ಲೋಕಲ್ ನೆಟ್‌ವರ್ಕ್ಸ್‌ಗೆ ಸೇರಿಸಿ. ಒಂದು ತೊಡಕಿದೆ: ಹೆಚ್ಚಿನ ಮನೆ ವೈಫೈ ಕೂಡ 192.168.1 ಸರಣಿಯೇ, ನಿಮ್ಮ ಪಿಬಿಎಕ್ಸ್ ವಿಳಾಸದ ಜೊತೆ ಮತ್ತೆ ಡಿಕ್ಕಿ ಹೊಡೆಯುತ್ತದೆ. ಅವರ ಫೋನ್‌ನಲ್ಲಿ ಅಲೋಡ್ ಐಪಿಯನ್ನು 192.168.1.10/32 ಅಂತ ಒಂದೇ ವಿಳಾಸಕ್ಕೆ ಸೀಮಿತ ಮಾಡಿದರೆ ಸದ್ಯಕ್ಕೆ ನಡೆಯುತ್ತದೆ. ಬಿಡುವಾದಾಗ ಆಫೀಸಿನ ಸರಣಿಯನ್ನೂ 192.168.10.0/24ಕ್ಕೆ ಬದಲಿಸಿ.

ಕೋಲಾರ_ಎಂಡಿಎಫ್:

ಭಾನುವಾರ ಯೂನಿಟ್‌ಗೆ ಹೋಗುವಾಗ ಯುಪಿಎಸ್ ಕೂಡ ನೋಡಿಕೊಂಡು ಬನ್ನಿ. ಒಂದು ಐಪಿ ಫೋನಿಗೆ 5 ವ್ಯಾಟ್ ಹಿಡಿದರೂ 6ಕ್ಕೆ 30. ಪಿಓಇ ಸ್ವಿಚ್ (ಲ್ಯಾನ್ ಕೇಬಲ್‌ನಲ್ಲೇ ಫೋನಿಗೆ ಕರೆಂಟು ಕೊಡುವುದು), ರೌಟರ್, ಓಎನ್‌ಟಿ, ಗೇಟ್‌ವೇ ಸೇರಿ ಒಟ್ಟು 60 ವ್ಯಾಟ್ ಅಂದುಕೊಳ್ಳಿ. ಕಂಪ್ಯೂಟರ್‌ನ ಸಣ್ಣ ಯುಪಿಎಸ್‌ನೊಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿಯಲ್ಲಿ ಇರುವುದೇ 84 ವ್ಯಾಟ್‌ಅವರ್, ಇನ್ವರ್ಟರ್ ನಷ್ಟ ಕಳೆದು ಮುಕ್ಕಾಲು ಗಂಟೆ ಬಂದರೆ ಹೆಚ್ಚು. 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಆದರೆ ಇಡೀ ದಿನದ ಕರೆಂಟ್ ಕಟ್ ತಡೆಯುತ್ತದೆ. ಓಎನ್‌ಟಿಯ ಅಡಾಪ್ಟರ್ ಇನ್ವರ್ಟರ್ ಇರುವ ಪಾಯಿಂಟಿಗೇ ಹಾಕಿದ್ದಾರೆಯೇ ಎಂದು ಕಣ್ಣಾರೆ ನೋಡಿ, ಫೋನ್ ಎಲ್ಲ ಉರಿಯುತ್ತಾ ಓಎನ್‌ಟಿ ಮಾತ್ರ ಆರಿಹೋಗಿರುವುದು ಸಾಮಾನ್ಯ.